ಅಂಬೇಡ್ಕರ್ ಅವರ ಫೀಸಿನ ಲೆಕ್ಕ

ದ್ವಿತೀಯ ಪಿಯುಸಿ ಕಾಮರ್ಸ್‌ನಲ್ಲಿ ಈಗ ಎಲ್ಲರ ಹತ್ತಿರವೂ ಒಂದು ಪಟ್ಟಿ ಇದೆ. ಬಿ.ಕಾಂ.ಗೆ ಯಾವ ಕಾಲೇಜು, ಬಿಬಿಎ ಆದರೆ ಎಲ್ಲಿ, ಸಿ.ಎ. ಓದುತ್ತಾ ಯಾವ ಕಾಲೇಜಿಗೆ ಹೋಗಬಹುದು ಎಂದು. ನನ್ನ ಪಟ್ಟಿಯಲ್ಲಿ ಏಳು ಹೆಸರುಗಳಿದ್ದವು. ಫೀಸು ವಿಚಾರಿಸಿಕೊಂಡು ಬಂದ ಮೇಲೆ ಮೂರು ಉಳಿದಿವೆ. ಇದೇ ಸಮಯದಲ್ಲಿ ನಾನು ಡಾ. ಬಿ.ಆರ್. ಅಂಬೇಡ್ಕರ್ ಅವರ ಜೀವನ ಚರಿತ್ರೆ ಓದಿದೆ. ಅವರು ಸಂವಿಧಾನ ಬರೆದದ್ದು ನಮಗೆಲ್ಲ ಗೊತ್ತು. ಅವರು ಎಲ್ಲೆಲ್ಲಿ ಓದಿದರು, ಯಾವ ದುಡ್ಡಿನಲ್ಲಿ ಓದಿದರು ಎಂಬುದು ನನಗೆ ಗೊತ್ತಿರಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತೇನೆ.

ಅವರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಹೂ ಎಂಬ ದಂಡಿನ ಊರಿನಲ್ಲಿ. ತಂದೆ ರಾಮಜಿ ಸೈನ್ಯದಲ್ಲಿ ಸುಬೇದಾರ್ ಆಗಿದ್ದರು. ನಿವೃತ್ತಿಯಾದ ಮೇಲೆ ಸಂಸಾರ ಮುಂಬಯಿಯ ಪರೇಲಿನ ಚಾಳಿನಲ್ಲಿ ಒಂದೇ ಕೋಣೆಯಲ್ಲಿತ್ತು. ಮಗನಿಗೆ ಪುಸ್ತಕ ಬೇಕಾದಾಗ ರಾಮಜಿ ಮದುವೆಯಾದ ಹೆಣ್ಣುಮಕ್ಕಳ ಒಡವೆ ತಂದು ಗಿರವಿ ಇಟ್ಟು, ಪಿಂಚಣಿ ಬಂದಾಗ ಬಿಡಿಸಿಕೊಡುತ್ತಿದ್ದರಂತೆ. ಶಾಲೆಯಲ್ಲಿ ಅಂಬೇಡ್ಕರ್ ಅವರಿಗೆ ಸಂಸ್ಕೃತ ಓದುವ ಆಸೆ ಇತ್ತು. ಅಸ್ಪೃಶ್ಯ ಜಾತಿಯ ಹುಡುಗ ಎಂದು ಅದಕ್ಕೆ ಅವಕಾಶ ಸಿಗಲಿಲ್ಲ, ಫಾರ್ಸಿ ತೆಗೆದುಕೊಳ್ಳಬೇಕಾಯಿತು. ನಮ್ಮ ಮನೆಯಲ್ಲಿ ಇದನ್ನು ಹೇಳಿದಾಗ ದಾದಿಗೆ ಬಹಳ ಆಶ್ಚರ್ಯವಾಯಿತು. ಫಾರ್ಸಿ ಅವರ ಕಾಲದಲ್ಲಿ ದೊಡ್ಡವರ ಭಾಷೆ. ಅದು ಒಬ್ಬ ಹುಡುಗನಿಗೆ ಹೀಗೆ ಬಾಗಿಲು ಮುಚ್ಚಿದ್ದರಿಂದ ಸಿಕ್ಕಿತು ಎಂದರೆ ಅವರಿಗೆ ನಂಬಲು ಕಷ್ಟ.

1907ರಲ್ಲಿ ಮೆಟ್ರಿಕ್ ಪಾಸಾಯಿತು. ಮುಂದೆ ಎಲ್ಫಿನ್‌ಸ್ಟನ್ ಕಾಲೇಜು. ಅಲ್ಲಿ ತಂದೆಯ ಕೈ ಸೋತಾಗ ಕೇಳುಸ್ಕರ್ ಎಂಬ ಹಿರಿಯರು ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ಹತ್ತಿರ ಕರೆದುಕೊಂಡು ಹೋದರು. ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಸಿಕ್ಕಿತು. ಬಿ.ಎ. ಮುಗಿಯಿತು.

1913ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಮಹಾರಾಜರು ಕೆಲವು ವಿದ್ಯಾರ್ಥಿಗಳನ್ನು ಅಮೆರಿಕಕ್ಕೆ ಕಳಿಸಲು ತೀರ್ಮಾನಿಸಿದರು. ಮೂರು ವರ್ಷ, ತಿಂಗಳಿಗೆ 11.5 ಪೌಂಡ್. ಇದಕ್ಕೆ ಒಂದು ಕರಾರು: ಓದು ಮುಗಿಸಿ ಬಂದು ಹತ್ತು ವರ್ಷ ಬರೋಡೆ ಸಂಸ್ಥಾನದಲ್ಲಿ ಕೆಲಸ ಮಾಡಬೇಕು. ಅಂಬೇಡ್ಕರ್ ಸಹಿ ಹಾಕಿದರು. ಅಂದರೆ ಮೊದಲು ಬಂದದ್ದು ದುಡ್ಡು, ಆಮೇಲೆ ದೇಶ, ಆಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ. ನಾವು ಕಾಲೇಜು ನೋಡಿ ಆಮೇಲೆ ದುಡ್ಡು ಹುಡುಕುತ್ತೇವೆ. ಅವರದ್ದು ತಿರುವುಮುರುವು.

ಆದರೂ ಆ ಜಾಗ ಅವರಿಗೆ ಚೆನ್ನಾಗಿ ಹೊಂದಿತು. ಸರ್ಕಾರದ ಆದಾಯ, ತೆರಿಗೆಗಳ ವಿಷಯದಲ್ಲಿ ದೊಡ್ಡ ಹೆಸರಾದ ಸೆಲಿಗ್‌ಮನ್, ತತ್ವಜ್ಞಾನದ ಜಾನ್ ಡ್ಯೂಯಿ ಅಲ್ಲಿದ್ದರು. ಅರ್ಥಶಾಸ್ತ್ರ ಒಂದರಲ್ಲೇ 29 ಕೋರ್ಸುಗಳಿಗೆ ಕುಳಿತರು, ಇತಿಹಾಸದಲ್ಲಿ 11. 1915ರಲ್ಲಿ ಎಂ.ಎ.ಗೆ ಬರೆದ ಪ್ರಬಂಧ ಪ್ರಾಚೀನ ಭಾರತದ ವಾಣಿಜ್ಯದ ಬಗ್ಗೆ. ನಮ್ಮ ಕಾಮರ್ಸಿನವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಕೊಟ್ಟ ಹಣದಲ್ಲೇ ಊಟ ಕಡಿಮೆ ಮಾಡಿ ಮನೆಗೂ ಕಳಿಸುತ್ತಿದ್ದರು, ಹಳೆಯ ಪುಸ್ತಕಗಳನ್ನೂ ಕೊಳ್ಳುತ್ತಿದ್ದರು. ಮುಂಬಯಿಯಲ್ಲಿ ಸಂಸಾರ ತೂಗಿಸುತ್ತಿದ್ದವರು ಪತ್ನಿ ರಮಾಬಾಯಿ. ಈ ಓದಿನ ಖರ್ಚಿನಲ್ಲಿ ಅವರ ಪಾಲು ಎಷ್ಟು ಎಂದು ಯಾರೂ ಬರೆದಿಟ್ಟಿಲ್ಲ.

1916ರಲ್ಲಿ ಲಂಡನ್ನಿಗೆ ಹೋಗಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೂ, ಬ್ಯಾರಿಸ್ಟರ್ ಪದವಿಗೆ ಗ್ರೇಸ್ ಇನ್‌ಗೂ ಸೇರಿದರು. ಮರುವರ್ಷವೇ ವಿದ್ಯಾರ್ಥಿವೇತನ ಮುಗಿಯಿತು, ಬರೋಡೆಯಿಂದ ಕರೆ ಬಂತು. ನನಗೆ ಇಡೀ ಜೀವನ ಚರಿತ್ರೆಯಲ್ಲಿ ಹೆಚ್ಚು ಹಿಡಿಸಿದ್ದು ಅವರು ಆಗ ಮಾಡಿದ ಕೆಲಸ. ಹೊರಡುವ ಮೊದಲು, 1917ರ ಅಕ್ಟೋಬರಿನಿಂದ ನಾಲ್ಕು ವರ್ಷದೊಳಗೆ ಬಂದು ಓದು ಮುಂದುವರಿಸಬಹುದು ಎಂದು ವಿಶ್ವವಿದ್ಯಾಲಯದಿಂದ ಅನುಮತಿ ಪಡೆದುಕೊಂಡರು. ಕೈಯಲ್ಲಿ ಕಾಸಿಲ್ಲ, ಮೊದಲ ಮಹಾಯುದ್ಧ ನಡೆಯುತ್ತಿದೆ, ಆದರೂ ಸೀಟು ಬಿಟ್ಟುಕೊಡಲಿಲ್ಲ. ಅವರ ಪುಸ್ತಕಗಳಿದ್ದ ಹಡಗನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. ಆ ಸಾಮಾನಿಗೆ ಬಂದ ಪರಿಹಾರದ ಹಣದಲ್ಲೇ ಬರೋಡೆಗೆ ಹೋದರು.

ಬರೋಡೆಯಲ್ಲಿ ಜವಾನರು ಕಡತಗಳನ್ನು ಅವರ ಕೈಗೆ ಕೊಡದೆ ಎಸೆಯುತ್ತಿದ್ದರು. ಇಳಿದುಕೊಳ್ಳಲು ಮನೆ ಸಿಗಲಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿದ್ದಾಗ ಜಾತಿ ಗೊತ್ತಾಗಿ ಜನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಹತ್ತು ವರ್ಷದ ಕರಾರು ಕೆಲವೇ ದಿನಗಳಲ್ಲಿ ಮುರಿಯಿತು. ಮುಂಬಯಿಗೆ ಬಂದು ಮನೆಪಾಠ ಹೇಳಿದರು, ಲೆಕ್ಕಪತ್ರ ಬರೆದರು, ಷೇರು ವ್ಯವಹಾರದವರಿಗೆ ಸಲಹೆ ಕೊಡುವ ಕಚೇರಿ ತೆರೆದರು. ಸಲಹೆಗಾರನ ಜಾತಿ ತಿಳಿದ ಕೂಡಲೇ ಗಿರಾಕಿಗಳು ಬರುವುದನ್ನು ನಿಲ್ಲಿಸಿದರು. ಕೊಲಂಬಿಯಾದ ಎಂ.ಎ. ಇದ್ದವರಿಗೆ ಹೀಗೆ! ಕಾಲೇಜಿನ ಹೆಸರು ದೊಡ್ಡದಾದರೆ ಸಾಕು ಎನ್ನುವ ನನ್ನ ಗೆಳೆಯರಿಗೆ ಈ ಭಾಗವನ್ನು ಎರಡು ಸಲ ಓದಿ ಹೇಳಿದ್ದೇನೆ.

1918ರ ನವೆಂಬರಿನಲ್ಲಿ ಸಿಡೆನ್‌ಹ್ಯಾಮ್ ಕಾಮರ್ಸ್ ಕಾಲೇಜಿನಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿತು. ಸಂಬಳ ತಿಂಗಳಿಗೆ 450 ರೂಪಾಯಿ. ಅಧ್ಯಾಪಕರ ಕೋಣೆಯ ನೀರಿನ ಹೂಜಿಯನ್ನು ಅವರು ಮುಟ್ಟಬಾರದೆಂದು ಕೆಲವರು ತಕರಾರು ತೆಗೆದರು. ವಿದ್ಯಾರ್ಥಿಗಳು ಅವರ ಪಾಠ ಕೇಳಲು ತುಂಬಿ ಕೂರುತ್ತಿದ್ದರು. ಅವರು ಸಂಬಳದಲ್ಲಿ ಉಳಿಸುತ್ತಾ ಹೋದರು. ಆ ನಾಲ್ಕು ವರ್ಷದ ಗಡುವು ತಲೆಯಲ್ಲಿತ್ತಲ್ಲ. ಉಳಿತಾಯ ಸಾಲಲಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು, ನ್ಯೂಯಾರ್ಕಿನಲ್ಲಿ ಜೊತೆಗಿದ್ದ ನವಲ್ ಭತೇನಾ ಸಾಲ ಕೊಟ್ಟರು. ಭತೇನಾ ಕೂಡ ಪಾರ್ಸಿಯೇ.

1920ರಲ್ಲಿ, ಗಡುವು ಮೀರುವ ಮೊದಲೇ, ಲಂಡನ್ನಿಗೆ ಮರಳಿದರು. ಬೆಳಿಗ್ಗೆಯಿಂದ ಮುಚ್ಚುವ ತನಕ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯ, ರಾತ್ರಿ ಹಸಿವಿಗೆ ಸುಟ್ಟ ಹಪ್ಪಳ. 1921ರಲ್ಲಿ ಎಂ.ಎಸ್ಸಿ. ಆಯಿತು. ಆಮೇಲೆ ಬ್ಯಾರಿಸ್ಟರ್ ಆದರು. ರೂಪಾಯಿಯ ಸಮಸ್ಯೆಯ ಬಗ್ಗೆ ಬರೆದ ಪ್ರಬಂಧವನ್ನು ಪರೀಕ್ಷಕರು ತಿದ್ದಿ ತರಲು ಹೇಳಿದಾಗ ದುಡ್ಡು ಮತ್ತೆ ಖಾಲಿಯಾಗಿತ್ತು. ಮುಂಬಯಿಗೆ ಬಂದು ತಿದ್ದಿ ಅಂಚೆಯಲ್ಲಿ ಕಳಿಸಿದರು. 1923ರಲ್ಲಿ ಡಿ.ಎಸ್ಸಿ. ಬಂತು. ಕೊಲಂಬಿಯಾದ ಪಿಎಚ್.ಡಿ. ಇನ್ನೂ ತಡ. ಪ್ರಬಂಧವನ್ನು ಅಚ್ಚು ಹಾಕಿಸಿ ಪ್ರತಿಗಳನ್ನು ಒಪ್ಪಿಸಬೇಕಿತ್ತು. ಅದು 1925ರಲ್ಲಿ ಪುಸ್ತಕವಾಯಿತು, ಪದವಿ 1927ರಲ್ಲಿ ಕೈಸೇರಿತು.

ಮುಂದಿನ ಹೋರಾಟ, ಸಂವಿಧಾನ ಸಭೆ, ಮಂತ್ರಿ ಪದವಿ ಎಲ್ಲ ನಮ್ಮ ಪಠ್ಯದಲ್ಲೇ ಇದೆ. ಅವರು 1956ರ ಡಿಸೆಂಬರ್ 6ರಂದು ತೀರಿಕೊಂಡರು. ನಾನು ಹೇಳಬೇಕಾದದ್ದು ಇನ್ನೊಂದೇ. 1946ರಲ್ಲಿ ಅವರು ತಮ್ಮದೇ ಶಿಕ್ಷಣ ಸಂಸ್ಥೆಯಿಂದ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ತರಗತಿಗಳನ್ನು ಬೆಳಿಗ್ಗೆ ಇಟ್ಟರು, ನೌಕರಿ ಮಾಡುವ ಹುಡುಗರು ಪಾಠ ಮುಗಿಸಿ ಕೆಲಸಕ್ಕೆ ಹೋಗಲಿ ಎಂದು. ನನ್ನ ಪಟ್ಟಿಯಲ್ಲಿ ಉಳಿದ ಮೂರರಲ್ಲಿ ಒಂದು ಸಂಜೆ ಕಾಲೇಜು. ಹಗಲು ಒಬ್ಬ ಆಡಿಟರ್ ಹತ್ತಿರ ಕೆಲಸ ಕಲಿಯಬಹುದು, ತಂಗಿಯ ಫೀಸಿಗೂ ಸ್ವಲ್ಪ ಆಗುತ್ತದೆ. ಅಬ್ಬಾ ಇನ್ನೂ ಒಪ್ಪಿಲ್ಲ, ಹಗಲು ಕಾಲೇಜೇ ಸರಿ ಎನ್ನುತ್ತಾರೆ. ಈ ವಾರ ಅವರ ಜೊತೆ ಕೂತು ಮೂರರ ಖರ್ಚನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕು.