ಅಲಿ ನವಾಜ್ ಜಂಗ್ ಬಹದ್ದೂರ್

ನವಾಬ್ ಅಲಿ ನವಾಜ್ ಜಂಗ್ ಬಹದ್ದೂರ್ (ಜುಲೈ 11, 1877 – ಡಿಸೆಂಬರ್ 6, 1949) ಹೈದರಾಬಾದ್ ಸಂಸ್ಥಾನದ ಮುಖ್ಯ ಎಂಜಿನಿಯರರೂ ನೀರಾವರಿ ತಜ್ಞರೂ ಆಗಿದ್ದರು. ಮೊದಲ ಹೆಸರು ಮೀರ್ ಅಹ್ಮದ್ ಅಲಿ. ಇಂದಿನ ಕಲಬುರಗಿ ಜಿಲ್ಲೆಯ ಸೇಡಂ, ಚಿಂಚೋಳಿ, ಕೊಡ್ಲಿ ಮುಂತಾದ ಊರುಗಳು ಆಗ ಇದೇ ಸಂಸ್ಥಾನಕ್ಕೆ ಸೇರಿದ್ದವು.

ಶಿಕ್ಷಣ ಮತ್ತು ಅರ್ಹತೆ

ಹೈದರಾಬಾದಿನಲ್ಲಿ ಓದಿದ ಇವರು 1896ರಲ್ಲಿ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಕೂಪರ್ಸ್ ಹಿಲ್‌ನಲ್ಲಿದ್ದ ರಾಯಲ್ ಇಂಡಿಯನ್ ಎಂಜಿನಿಯರಿಂಗ್ ಕಾಲೇಜನ್ನು ಸೇರಿದರು. ಭಾರತದ ಲೋಕೋಪಯೋಗಿ ಇಲಾಖೆಗೆ ಎಂಜಿನಿಯರರನ್ನು ಸಿದ್ಧಪಡಿಸಲೆಂದೇ ಸ್ಥಾಪಿತವಾಗಿದ್ದರೂ ಅಲ್ಲಿ ಭಾರತೀಯ ವಿದ್ಯಾರ್ಥಿಗಳು ವಿರಳ. ಜಲವಿಜ್ಞಾನಿಗೆಂದು ಪ್ರತ್ಯೇಕ ವೃತ್ತಿ ಪ್ರಮಾಣಪತ್ರವಿಲ್ಲದ ಆ ಕಾಲದಲ್ಲಿ ಸಿವಿಲ್ ಎಂಜಿನಿಯರಿಂಗ್ ಶಿಕ್ಷಣವೇ ಈ ವೃತ್ತಿಯ ಹೆಬ್ಬಾಗಿಲು; ಮಳೆ, ಹರಿವು, ಹೂಳುಗಳ ಲೆಕ್ಕಾಚಾರ ಬಹುಮಟ್ಟಿಗೆ ಕೆಲಸದಲ್ಲಿಯೇ ಕೈಗೂಡಬೇಕಿತ್ತು. 1899ರಲ್ಲಿ ಮರಳಿ ಸಹಾಯಕ ಎಂಜಿನಿಯರಾಗಿ ಸೇವೆ ಸೇರಿ, 1918ರಲ್ಲಿ ಮುಖ್ಯ ಎಂಜಿನಿಯರಾದರು.

ಕಾರ್ಯಗಳು

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ನೆರೆಯನ್ನು ನಗರದ ಮೇಲ್ಭಾಗದಲ್ಲಿಯೇ ಜಲಾಶಯಗಳಲ್ಲಿ ತಡೆಹಿಡಿಯುವುದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಸಲಹೆಯಾಗಿತ್ತು. ಅದರಂತೆ ಮೂಸಿಗೆ ಉಸ್ಮಾನ್ ಸಾಗರವೂ ಅದರ ಉಪನದಿ ಈಸಿಗೆ ಹಿಮಾಯತ್ ಸಾಗರವೂ ನಿರ್ಮಾಣಗೊಂಡವು. ಇವುಗಳ ಕಾಮಗಾರಿಯಲ್ಲಿ ಅಲಿ ನವಾಜ್ ಜಂಗ್ ಅವರ ಪಾಲು ದೊಡ್ಡದು. ಸಲಹೆಗಾರರ ಕೀರ್ತಿಯ ಮುಂದೆ ಅದು ಮಸುಕಾದುದು ನ್ಯಾಯವೆನಿಸದು.

ಬೀದರ್ ಜಿಲ್ಲೆಯ ಮೂಲಕ ಹರಿಯುವ ಮಂಜೀರಾ ನದಿಗೆ, ಇಂದಿನ ತೆಲಂಗಾಣದಲ್ಲಿ, ಕಟ್ಟಲಾದ ನಿಜಾಮ್ ಸಾಗರ (1923–31) ಇವರ ಪ್ರಧಾನ ಸಾಧನೆ. ತುಂಗಭದ್ರಾ ಯೋಜನೆಗಾಗಿಯೂ ಶ್ರಮಿಸಿದರು. ನೀರಿನ ಹಂಚಿಕೆ ಕುರಿತು ಮದರಾಸು ಮತ್ತು ಹೈದರಾಬಾದ್ ಸರ್ಕಾರಗಳ ನಡುವಣ ಮಾತುಕತೆ ದೀರ್ಘಕಾಲ ನಡೆದು, 1945ರಲ್ಲಿ ಶಂಕುಸ್ಥಾಪನೆಯಾಯಿತು. 1953ರಲ್ಲಿ ಅಣೆಕಟ್ಟು ಸಿದ್ಧವಾಗುವ ವೇಳೆಗೆ ಇವರು ಇರಲಿಲ್ಲ.

ತೆಲಂಗಾಣದಲ್ಲಿ ಇವರ ಜನ್ಮದಿನವನ್ನು ಎಂಜಿನಿಯರುಗಳ ದಿನವಾಗಿ ಆಚರಿಸಲಾಗುತ್ತದೆ.