ಪನ್ನೀರನ್ನು ಕಂಡುಹಿಡಿದವರು ಇಬ್ನ್ ಸೀನಾ ಅವರೇ? ಅದನ್ನು ಕಣ್ಣಿಗೆ ಹಾಕಬಹುದೇ?

ಮನೆಯಲ್ಲೇ ಪನ್ನೀರು, ಅಂದರೆ ರೋಸ್ ವಾಟರ್ ಮಾಡುವ ವಿಧಾನಗಳ ಜೊತೆ ಒಂದು ಮಾತು ಹರಿದಾಡುತ್ತದೆ: ಇದನ್ನು ಸಾವಿರ ವರ್ಷದ ಹಿಂದೆ ಮಹಾವೈದ್ಯ ಇಬ್ನ್ ಸೀನಾ ಕಂಡುಹಿಡಿದರು, ಹಾಗಾಗಿ ಕಣ್ಣಿಗೆ ಹಾಕಿದರೂ ಏನೂ ಆಗದು. ಇದರಲ್ಲಿ ನಿಜವೆಷ್ಟು, ನೋಡೋಣ.

ಯಾರು ಈ ಇಬ್ನ್ ಸೀನಾ?

ಅವರು ಹುಟ್ಟಿದ್ದು 980ರಲ್ಲಿ, ಇಂದಿನ ಉಜ್ಬೇಕಿಸ್ತಾನದ ಬುಖಾರಾ ಬಳಿಯ ಹಳ್ಳಿಯಲ್ಲಿ. ಹದಿಹರೆಯದಲ್ಲೇ ವೈದ್ಯರಾಗಿ ಹೆಸರು ಮಾಡಿದರು. ಬುಖಾರಾದ ಅರಸನ ಚಿಕಿತ್ಸೆಗೆ ಕರೆಸಿದಾಗ, ಅರಮನೆಯ ಗ್ರಂಥಾಲಯದಲ್ಲಿ ಓದಲು ಅನುಮತಿ ಕೇಳಿ ಪಡೆದರು. ಆ ರಾಜ್ಯ ಉರುಳಿದ ಮೇಲೆ ಬದುಕೆಲ್ಲ ಅಲೆದಾಟ. ಇರಾನಿನ ಹಮದಾನ್‌ನಲ್ಲಿ ಮಂತ್ರಿಯಾದರು, ಮುಂದೆ ಸೆರೆಮನೆಯನ್ನೂ ಕಂಡರು. ಕೊನೆಗೆ ವೇಷ ಮರೆಸಿಕೊಂಡು ಇಸ್ಫಹಾನ್ ಸೇರಿದರು. ಈ ಗದ್ದಲದ ನಡುವೆಯೇ ಐದು ಭಾಗಗಳ ವೈದ್ಯಗ್ರಂಥ 'ಕಾನೂನ್' ಬರೆದರು. 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಅನುವಾದವಾದ ಅದು ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಶತಮಾನಗಳ ಕಾಲ ಪಠ್ಯವಾಗಿತ್ತು. ಅಲ್ಲಿ ಅವರ ಹೆಸರು ಅವಿಸೆನ್ನಾ.

ಪನ್ನೀರು ಅವರದೇ ಶೋಧವೇ?

ಅಲ್ಲ. ಅವರಿಗಿಂತ ಒಂದು ಶತಮಾನ ಮೊದಲೇ ಬಾಗ್ದಾದ್‌ನ ಅಲ್-ಕಿಂದಿ ಹೆಸರಿನ ಸುಗಂಧ ಗ್ರಂಥದಲ್ಲಿ ಬಟ್ಟಿ ಇಳಿಸುವ ವಿವರಗಳಿವೆ. 10ನೇ ಶತಮಾನದಲ್ಲೇ ಇರಾನಿನ ಫಾರ್ಸ್ ಪ್ರಾಂತ್ಯದ ಪನ್ನೀರು ದೂರದೂರದ ದೇಶಗಳಿಗೆ ಹೋಗುತ್ತಿತ್ತು. ಇಬ್ನ್ ಸೀನಾ ಮಾಡಿದ್ದು, ಆಗಲೇ ಬಳಕೆಯಲ್ಲಿದ್ದ ಗುಲಾಬಿ ಮತ್ತು ಪನ್ನೀರನ್ನು ಔಷಧಿಗಳ ಸಾಲಿನಲ್ಲಿ ವಿವರಿಸಿದ್ದು.

ಮನೆಯಲ್ಲಿ ಮಾಡುವುದು ಹೇಗೆ?

ದಪ್ಪ ತಳದ ಪಾತ್ರೆಯ ನಡುವೆ ಒಂದು ಸ್ಟ್ಯಾಂಡ್, ಅದರ ಮೇಲೆ ಸ್ಟೀಲ್ ಬಟ್ಟಲು ಇಡಿ. ಸುತ್ತಲೂ ಔಷಧ ಸಿಂಪಡಿಸದ ಗುಲಾಬಿ ಎಸಳು ಹಾಕಿ, ಮುಳುಗುವಷ್ಟು ನೀರು ಹಾಕಿ. ಆದರೆ ನೀರು ಬಟ್ಟಲಿನ ಅಂಚಿಗಿಂತ ಕೆಳಗೇ ಇರಲಿ. ಮುಚ್ಚಳವನ್ನು ತಲೆಕೆಳಗಾಗಿ ಮುಚ್ಚಿ, ಮೇಲೆ ಐಸ್ ಇಡಿ. ಸಣ್ಣ ಉರಿಯಲ್ಲಿ ಎದ್ದ ಹಬೆ ತಣ್ಣನೆಯ ಮುಚ್ಚಳಕ್ಕೆ ತಗುಲಿ, ನೀರಾಗಿ ಬಟ್ಟಲಿಗೆ ತೊಟ್ಟಿಕ್ಕುತ್ತದೆ. ಪಾತ್ರೆಯ ನೀರು ಆರುವ ಮೊದಲೇ ಒಲೆ ಆರಿಸಿ.

ಹೀಗೆ ಸಿಗುವ ಪನ್ನೀರಿಗೆ ಬಣ್ಣವಿರುವುದಿಲ್ಲ, ಏಕೆಂದರೆ ಹೂವಿನ ಬಣ್ಣ ಹಬೆಯೊಂದಿಗೆ ಏಳುವುದಿಲ್ಲ. ಗುಲಾಬಿ ಬಣ್ಣದ ನೀರು ಸಿಕ್ಕಿದರೆ ಅದು ಎಸಳಿನ ಕಷಾಯ ಅಷ್ಟೇ.

ಕಣ್ಣಿಗೆ ಹಾಕಬಹುದೇ?

ಬೇಡ. ಅಂಗಡಿಯ ಐ ಡ್ರಾಪ್ಸ್ ಅನ್ನು ರೋಗಾಣುಮುಕ್ತವಾಗಿ ತಯಾರಿಸುತ್ತಾರೆ. ಮನೆಯ ಪನ್ನೀರು ಬಟ್ಟಲು, ಬಾಟಲಿ, ಕೈ ತಗುಲಿದೊಡನೆ ಸೂಕ್ಷ್ಮಜೀವಿಗಳಿಗೆ ಮನೆಯಾಗುತ್ತದೆ. ಅವು ಕಾರ್ನಿಯಾಕ್ಕೆ ಸೋಂಕು ತಂದರೆ ದೃಷ್ಟಿಗೇ ಕುತ್ತು. ಕಣ್ಣು ಕೆಂಪಾಗಿ ನೋವಿದ್ದರೆ ವೈದ್ಯರ ಬಳಿ ಹೋಗಿ. ಮನೆಯ ಪನ್ನೀರನ್ನು ಕುದಿಸಿ ಒಣಗಿಸಿದ ಬಾಟಲಿಯಲ್ಲಿ ತುಂಬಿ, ಫ್ರಿಜ್‌ನಲ್ಲಿಟ್ಟು, ಸುವಾಸನೆಗಷ್ಟೇ ಬಳಸಿ. ಒಂದು ವಾರದೊಳಗೆ ಮುಗಿಸಿ. ವಾಸನೆ ಬದಲಾದರೆ ಅಥವಾ ನೀರು ಮಬ್ಬಾದರೆ ಚೆಲ್ಲಿ.

ಇಬ್ನ್ ಸೀನಾ ಕಾಲದಲ್ಲಿ ಸೂಕ್ಷ್ಮದರ್ಶಕವೇ ಇರಲಿಲ್ಲ, ಈ ಜೀವಿಗಳನ್ನು ನೋಡುವ ದಾರಿಯೂ ಇರಲಿಲ್ಲ. ಅವರ ಶಿಷ್ಯ ಬರೆದಿಟ್ಟಂತೆ, ಹೊಟ್ಟೆನೋವು ಬಂದಾಗ ಬೇಗ ಗುಣವಾಗಲೆಂದು ಒಂದೇ ದಿನ ಎಂಟು ಬಾರಿ ಎನಿಮಾ ತೆಗೆದುಕೊಂಡು ಕರುಳಿಗೆ ಹುಣ್ಣು ಮಾಡಿಕೊಂಡರು. 1037ರಲ್ಲಿ ಹಮದಾನ್‌ನಲ್ಲಿ ತೀರಿಕೊಂಡರು. ಅಷ್ಟು ದೊಡ್ಡ ವೈದ್ಯರ ಮದ್ದೇ ಅವರಿಗೆ ಮುಳುವಾಗಿತ್ತು. ದೊಡ್ಡ ಹೆಸರು ಇದೆ ಎಂದ ಮಾತ್ರಕ್ಕೆ ಮದ್ದು ಸುರಕ್ಷಿತವಾಗುವುದಿಲ್ಲ.

ನಮ್ಮ ತೀರ್ಮಾನ: ಪನ್ನೀರು ಮಾಡಿ, ಸುವಾಸನೆ ಸವಿಯಿರಿ. ಕಣ್ಣಿಗೆ ಹಾಕಿ ಎನ್ನುವ ಸಂದೇಶವನ್ನು ಮಾತ್ರ ಮುಂದೆ ಕಳಿಸಬೇಡಿ.