ನಗರಶಿಲ್ಪಿ ವಿಶ್ವೇಶ್ವರಯ್ಯನವರು

ಊರು ಬೆಳೆಯುವುದು ಸಹಜ. ಆದರೆ ಅದು ಕ್ರಮವಾಗಿ ಬೆಳೆಯಬೇಕಾದರೆ ಮುನ್ನೋಟ ಬೇಕು. ಬೆಳಗಾವಿ ಜಿಲ್ಲೆಯ ಬೈಲಹೊಂಗಲವನ್ನೇ ನೋಡಿರಿ. ರಾಣಿ ಚೆನ್ನಮ್ಮನ ಸಮಾಧಿಯಿರುವ ಈ ಊರು ಹತ್ತಿಯ ವ್ಯಾಪಾರದಿಂದ ಹೆಸರು ಪಡೆಯಿತು. ಹೆದ್ದಾರಿಯ ಮಗ್ಗುಲಿನ ಕಿತ್ತೂರು, ಎಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರಿಗೆ ಬಾಗಿಲಂತಿರುವ ಸವದತ್ತಿ, ಮಲಪ್ರಭೆಯ ದಂಡೆಯ ರಾಮದುರ್ಗ, ಇವೆಲ್ಲವೂ ಹಳೆಯ ಎಲ್ಲೆಗಳನ್ನು ಮೀರಿ ಹಬ್ಬುತ್ತಿವೆ. ನಿನ್ನೆ ಜೋಳ ಬೆಳೆದ ಎರೆಭೂಮಿಯಲ್ಲಿ ಇಂದು ಮನೆಗಳ ಸಾಲು ಎದ್ದಿದೆ. ಮನೆಯನ್ನೇನೋ ಒಡೆಯನು ಕಟ್ಟಿಕೊಳ್ಳುತ್ತಾನೆ. ಆ ಮನೆಗೆ ಕುಡಿಯುವ ನೀರು ಎಲ್ಲಿಂದ ಬರಬೇಕು? ಬಚ್ಚಲ ನೀರು ಎಲ್ಲಿಗೆ ಹರಿಯಬೇಕು? ಮಳೆಗಾಲದಲ್ಲಿ ಉಕ್ಕುವ ಹಳ್ಳಕ್ಕೆ ದಾರಿ ಎಲ್ಲಿ? ಈ ಪ್ರಶ್ನೆಗಳಿಗೆ ಇಡೀ ಊರೇ ಉತ್ತರ ಕಂಡುಕೊಳ್ಳಬೇಕು. ಹೀಗೆ ಊರಿನ ನಾಳೆಯನ್ನು ಇಂದೇ ಲೆಕ್ಕ ಹಾಕಿದ ಮಹನೀಯರಲ್ಲಿ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಅಗ್ರಗಣ್ಯರು.

ವಿಶ್ವೇಶ್ವರಯ್ಯನವರು 1861ನೆಯ ಇಸವಿ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನು ಬೆಂಗಳೂರಿಗೆ ಬಂದು, ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಓದಿನ ವೆಚ್ಚವನ್ನು ತೂಗಿಸಿಕೊಂಡನು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದು, ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ತೆರಳಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಉನ್ನತ ಸ್ಥಾನ ಗಳಿಸಿದರು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಅಂದು ಬೆಳಗಾವಿ ಜಿಲ್ಲೆಯೂ ಅದೇ ಪ್ರಾಂತಕ್ಕೆ ಸೇರಿತ್ತು.

ಅವರ ಜಾಣ್ಮೆಗೆ ಮೊದಲ ದೊಡ್ಡ ಪರೀಕ್ಷೆ ಒದಗಿದುದು ಸಿಂಧ್ ಪ್ರಾಂತದ ಸುಕ್ಕೂರಿನಲ್ಲಿ. ಊರಿನ ಪಕ್ಕದಲ್ಲಿಯೇ ಸಿಂಧೂ ನದಿ ತುಂಬಿ ಹರಿಯುತ್ತಿದ್ದರೂ ಆ ನೀರು ಮಣ್ಣಿನಿಂದ ಕದಡಿ ಕುಡಿಯಲು ಬಾರದಂತಿತ್ತು. ಗುಡ್ಡದ ಮೇಲೆ ಶೋಧಕ ಕಟ್ಟೆಗಳನ್ನು ಕಟ್ಟಲು ಪುರಸಭೆಯಲ್ಲಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಒಂದು ದುಂಡು ಬಾವಿಯನ್ನು ತೆಗೆಸಿದರು. ಮರಳಿನ ಪದರಗಳ ಮೂಲಕ ಜಿನುಗಿದ ನೀರು ತಾನಾಗಿ ತಿಳಿಯಾಗಿ ಬಾವಿಯಲ್ಲಿ ನಿಂತಿತು. ಅದನ್ನು ಸುರಂಗದ ಮೂಲಕ ದಡಕ್ಕೆ ತಂದು, ಯಂತ್ರದಿಂದ ಮೇಲೆತ್ತಿ ಊರಿಗೆ ಒದಗಿಸಿದರು. 1895ರಲ್ಲಿ ಈ ಕಾರ್ಯ ಮುಗಿಯಿತು. ಬಡ ಪುರಸಭೆಯೂ ಬುದ್ಧಿಯನ್ನು ಬಳಸಿದರೆ ಶುದ್ಧ ನೀರು ಕೊಡಬಲ್ಲುದೆಂಬುದು ಇದರಿಂದ ಸಿದ್ಧವಾಯಿತು.

ಪುಣೆಯ ಬಳಿಯ ಖಡಕವಾಸಲಾ ಜಲಾಶಯದಲ್ಲಿ ಬೇರೊಂದು ತೊಡಕು ಎದುರಾಯಿತು. ಮಳೆಗಾಲದಲ್ಲಿ ನೀರು ಕೋಡಿ ಹರಿದು ವ್ಯರ್ಥವಾಗುತ್ತಿತ್ತು. ಬೇಸಿಗೆಯಲ್ಲಿ ನೀರಿನ ಅಭಾವ ತಲೆದೋರುತ್ತಿತ್ತು. ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ತಡೆಯಲು ಅವರು ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಅವು ತಾವಾಗಿ ತೆರೆಯುತ್ತಿದ್ದವು. ನೀರು ಇಳಿದೊಡನೆ ಮುಚ್ಚಿಕೊಳ್ಳುತ್ತಿದ್ದವು. ಈ ಸಾಧನಕ್ಕೆ ಹಕ್ಕುಪತ್ರವೂ ದೊರೆಯಿತು. ಆದರೆ ಸರಕಾರದ ಸೇವೆಯಲ್ಲಿರುವವನು ಸರಕಾರದ ಕೆಲಸಕ್ಕಾಗಿ ಪ್ರತ್ಯೇಕ ಧನವನ್ನು ಪಡೆಯುವುದು ತರವಲ್ಲವೆಂದು ಬಗೆದು, ಅದರಿಂದ ಬರಬಹುದಾಗಿದ್ದ ಗೌರವಧನವನ್ನು ಅವರು ಸ್ವೀಕರಿಸಲಿಲ್ಲ.

1908ರಲ್ಲಿ ಅವರು ಮುಂಬಯಿ ಸರಕಾರದ ಸೇವೆಯನ್ನು ಬಿಟ್ಟು ವಿದೇಶ ಪ್ರವಾಸದಲ್ಲಿದ್ದರು. ಅದೇ ವರ್ಷದ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕೇರಿತು. ದಂಡೆಯ ಕೇರಿಗಳು ಕೊಚ್ಚಿಹೋದವು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಅಳಿದುಳಿದ ನಗರವನ್ನು ಮತ್ತೆ ಕಟ್ಟಲು ನಿಜಾಮರ ಸರಕಾರ ವಿಶ್ವೇಶ್ವರಯ್ಯನವರಿಗೆ ಕರೆ ಕಳುಹಿಸಿತು.

1909ರಲ್ಲಿ ಹೈದರಾಬಾದಿಗೆ ಬಂದ ಅವರು ಒಡೆದ ಗೋಡೆಗಳನ್ನು ಎತ್ತಿ ನಿಲ್ಲಿಸುವ ಆತುರಕ್ಕೆ ಬೀಳಲಿಲ್ಲ. ಪ್ರವಾಹ ಏಕೆ ಬಂದಿತೆಂಬುದನ್ನು ಮೊದಲು ಅರಿಯಬೇಕೆಂದು ಮಳೆಯ ಅಳತೆಗಳನ್ನು ಕಲೆಹಾಕಿದರು. ನದಿಯ ಜಲಾನಯನ ಪ್ರದೇಶವನ್ನು ಪರಿಶೀಲಿಸಿದರು. ಅಲ್ಲಿದ್ದ 788 ಕೆರೆಗಳಲ್ಲಿ 221 ಕೆರೆಗಳು ಒಡೆದುಹೋಗಿದ್ದವು. ಮೇಲಿನ ಕೆರೆ ಒಡೆದು ಕೆಳಗಿನ ಕೆರೆಯ ಮೇಲೆ ಬಿದ್ದು, ಎಲ್ಲವೂ ಕೂಡಿ ನಗರದ ಮೇಲೆರಗಿದ್ದವು. ನಗರದ ಗಂಡಾಂತರ ಹುಟ್ಟಿದುದು ನಗರದ ಹೊರಗೆ. ಆದುದರಿಂದ ಪರಿಹಾರವೂ ಅಲ್ಲಿಂದಲೇ ಆರಂಭವಾಗಬೇಕೆಂದು ಅವರು ನಿರ್ಣಯಿಸಿದರು.

ಮೂಸಿ ಮತ್ತು ಅದರ ಉಪನದಿಯಾದ ಈಸಿಗಳಿಗೆ ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಬೇಕು. ಪ್ರವಾಹ ಬಂದಾಗ ಹೆಚ್ಚುವರಿ ನೀರನ್ನು ಹಿಡಿದಿಡಲು ಅವುಗಳಲ್ಲಿ ಸ್ಥಳ ತೆರವಾಗಿರಬೇಕು. ನಗರದೊಳಗೆ ನದಿಯ ದಡಗಳನ್ನು ಎತ್ತರಿಸಿ ಉದ್ಯಾನಗಳನ್ನು ನಿರ್ಮಿಸಬೇಕು. ಕೊಳೆನೀರು ನೆಲದಡಿಯ ಚರಂಡಿಗಳಲ್ಲಿ ಹರಿದುಹೋಗಬೇಕು. ಇದು ಅವರ ಯೋಜನೆಯ ಸಾರ. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಪ್ರವಾಹವನ್ನು ತಡೆದ ಆ ನೀರೇ ನಗರದ ಬಾಯಾರಿಕೆಯನ್ನೂ ನೀಗಿಸಿತು. ಚರಂಡಿಯ ಕೆಲಸ ಹಿಂದೆ ಬಿದ್ದಾಗ ಅವರು ಮತ್ತೆ ಹೈದರಾಬಾದಿಗೆ ಹೋಗಿ ಸಲಹೆ ನೀಡಿದರು.

1909ರ ಕೊನೆಯಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾಗಿ, 1912ರಿಂದ 1918ರವರೆಗೆ ದಿವಾನರಾಗಿ ಅವರು ಸಲ್ಲಿಸಿದ ಸೇವೆ ನಾಡಿಗೆಲ್ಲ ತಿಳಿದದ್ದು. ಕನ್ನಂಬಾಡಿಯ ಕಟ್ಟೆ, 1913ರ ಮೈಸೂರು ಬ್ಯಾಂಕು, 1916ರ ಮೈಸೂರು ವಿಶ್ವವಿದ್ಯಾನಿಲಯ, 1917ರ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು, ಇವೆಲ್ಲ ಆ ಕಾಲದ ಸಾಧನೆಗಳು. ನೀರು, ವಿದ್ಯುತ್ತು, ವಿದ್ಯೆ, ಉದ್ಯಮ ಇವು ಒಂದನ್ನೊಂದು ಅವಲಂಬಿಸಿವೆ ಎಂಬುದನ್ನು ಅವರು ಬಲ್ಲವರಾಗಿದ್ದರು. 1934ರಲ್ಲಿ ಇಡೀ ಭಾರತದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತು ಗ್ರಂಥವನ್ನೇ ರಚಿಸಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಅವರನ್ನು ಅರಸಿ ಬಂದಿತು. ನೂರು ವರ್ಷಗಳ ತುಂಬುಬಾಳನ್ನು ಬಾಳಿ 1962ರಲ್ಲಿ ಅವರು ಕಾಲವಶರಾದರು. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ತಾಂತ್ರಿಕ ವಿಶ್ವವಿದ್ಯಾಲಯ ಅವರ ಹೆಸರನ್ನೇ ಹೊತ್ತಿದೆ.

ಆದರೆ ಯೋಜನೆ ಎಷ್ಟೇ ಉತ್ತಮವಾಗಿರಲಿ, ಮುಂದಿನವರು ಅದನ್ನು ಕಾಪಾಡದಿದ್ದರೆ ಅದು ಕಾಗದದಲ್ಲಿಯೇ ಉಳಿಯುತ್ತದೆ. ಕೆರೆಗಳನ್ನೂ ನಾಲೆಗಳನ್ನೂ ಒತ್ತಿ ಮನೆಗಳು ಎದ್ದ ಹೈದರಾಬಾದು 2020ರ ಅಕ್ಟೋಬರಿನಲ್ಲಿ ಮತ್ತೆ ಜಲಾವೃತವಾಯಿತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ, ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನಿಂದ ನೀರನ್ನು ಹೊರಬಿಡಬೇಕಾದಾಗ, ರಾಮದುರ್ಗದ ಮನೆಗಳಿಗೂ ನೀರು ನುಗ್ಗಿತು. ನದಿ ತನ್ನ ದಾರಿಯನ್ನು ಮರೆಯುವುದಿಲ್ಲ; ಮರೆಯುವವರು ನಾವು.

ನಮ್ಮ ಊರಿನ ಕೆರೆ ಎಲ್ಲಿದೆ, ಅದರ ಕೋಡಿ ಎತ್ತ ಹರಿಯುತ್ತದೆ, ನಾವು ಕುಡಿಯುವ ನೀರು ಯಾವ ಹೊಳೆಯದು ಎಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಮೊದಲು ಅಳೆದು, ಅರಿತು, ಆಮೇಲೆ ಕಟ್ಟುವುದು ವಿಶ್ವೇಶ್ವರಯ್ಯನವರ ಮಾರ್ಗ. ನಾಳೆ ಊರಿನ ಹೊಣೆ ಹೊರಲಿರುವ ಇಂದಿನ ಮಕ್ಕಳು ಆ ಮಾರ್ಗದಲ್ಲಿ ನಡೆಯುವುದೇ ಆ ಮಹಾಪುರುಷರಿಗೆ ಸಲ್ಲಿಸುವ ನಿಜವಾದ ಗೌರವ.